ಸರದಿ ಸಾಹೇಬರ ನ್ಯಾಯ

ಸಂಶೋಧನಾಲಯದಲ್ಲಿ ಅವರ ನಿಜವಾದ ಹೆಸರು ಸಂಬಳದ ಚೀಟಿಯ ಮೇಲೆ ಮಾತ್ರ ಉಳಿದಿತ್ತು. ಮಿಕ್ಕೆಲ್ಲ ಕಡೆ ಅವರು ಸರದಿ ಸಾಹೇಬರು. ಹೆಸರಿಟ್ಟವರು ಗೇಲಿಗೆಂದೇ ಇಟ್ಟಿದ್ದರು. ಇವರು ಅದನ್ನು ಬಿರುದೆಂದು ತಿಳಿದು ಎದೆಯುಬ್ಬಿಸಿ ಓಡಾಡಿದ್ದರಿಂದ ಗೇಲಿ ಮಾಡಿದವರಿಗೇ ಸಪ್ಪೆಯಾಯಿತು.

ಅವರ ಸುಪರ್ದಿನಲ್ಲಿದ್ದದ್ದು ಒಂದು ಕ್ಲಸ್ಟರ್. ಆಳೆತ್ತರದ ಕಪಾಟುಗಳಲ್ಲಿ ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿ, ಎಲ್ಲವೂ ಸೇರಿ ಒಂದೇ ಯಂತ್ರದಂತೆ ಲೆಕ್ಕ ಮಾಡಲು ಹಚ್ಚಿದ್ದರು. ನಕ್ಷತ್ರ ನೋಡುವವರಿಗೂ, ಔಷಧಿ ಹುಡುಕುವವರಿಗೂ, ಮಣ್ಣು ಕೆದಕುವವರಿಗೂ ಇದೊಂದೇ ಯಂತ್ರ. ಅವರವರ ಲೆಕ್ಕವನ್ನು ಒಂದು ಜಾಬ್ ಮಾಡಿ ಕಳಿಸಬೇಕು. ಜಾಬ್ ಸಾಲಿನಲ್ಲಿ ನಿಂತು, ಜಾಗ ಖಾಲಿಯಾದಾಗ ಒಳಗೆ ಹೋಗುತ್ತದೆ. ವಾರವಾರವೂ ಅದೇ ಲೆಕ್ಕ ಬೇಕಾದವರು ಒಮ್ಮೆ ಹೇಳಿಟ್ಟರೆ ಸಾಕು, ಪ್ರತಿ ಸೋಮವಾರ ಬೆಳಿಗ್ಗೆ ಜಾಬ್ ಹಾಲಿನವನ ಹಾಗೆ ತಾನಾಗಿಯೇ ಬಂದು ನಿಲ್ಲುತ್ತದೆ. ಯಾವುದು ಮೊದಲು, ಯಾವುದು ಆಮೇಲೆ, ಯಾವ ವಿಭಾಗಕ್ಕೆ ಎಷ್ಟು ಜಾಗ ಎಂದು ಗೊತ್ತು ಮಾಡುವುದು ಸರದಿ ಸಾಹೇಬರ ಕೆಲಸ.

ಈ ವಿಷಯದಲ್ಲಿ ಅವರು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ನಿರ್ದೇಶಕರು ಹೆಗಲ ಮೇಲೆ ಕೈ ಹಾಕಿ ಮಾತಾಡಿಸಿದರೂ, ಪ್ರೊಫೆಸರರು ಕಾಫಿಗೆ ಕರೆದರೂ, ಸಾಲು ಸಾಲೇ. ಕಾಫಿ ಕುಡಿದು ಬರುತ್ತಿದ್ದರು, ಅದು ಬೇರೆ ಮಾತು. ಮನೆಯಲ್ಲೂ ಹಾಗೆಯೇ. ಬೆಳಿಗ್ಗೆ ಬಚ್ಚಲುಮನೆಗೆ ಯಾರು ಮೊದಲು, ಇಸ್ತ್ರಿ ಪೆಟ್ಟಿಗೆ ಯಾರಿಗೆ ಯಾವಾಗ ಎಂಬುದಕ್ಕೆಲ್ಲ ಪಾಳಿ ಹಚ್ಚಿದ್ದರು. ಹೆಂಡತಿ ಏನಾದರೂ ಹೇಳಲು ಬಾಯಿ ತೆರೆದರೆ, ಮೊದಲು ಮಗಳ ಮಾತು ಮುಗಿಯಲಿ ಎನ್ನುತ್ತಿದ್ದರು. ಮಗಳು ಮೊದಲೇ ಮಿತಭಾಷಿ. ಹೀಗಾಗಿ ಆ ಮನೆಯಲ್ಲಿ ಬಹಳ ಹೊತ್ತು ಯಾರೂ ಮಾತಾಡುತ್ತಲೇ ಇರಲಿಲ್ಲ.

ಕೆಲವು ವರ್ಷಗಳ ಹಿಂದೆ ಅವರು ಒಂದು ನಿಯಮ ತಂದಿದ್ದರು. ಆಗೆಲ್ಲ ವಿಭಾಗಗಳು ತಮ್ಮ ಪಾಲಿನ ಜಾಗವನ್ನು ಬಳಸದೆ ಸುಮ್ಮನೆ ಬಿಡುತ್ತಿದ್ದವು. ಇದು ಅವರ ಕಣ್ಣಿಗೆ ಚುಚ್ಚುತ್ತಿತ್ತು. ಯಾವ ವಿಭಾಗ ತನ್ನ ಪಾಲನ್ನು ಪೂರ್ತಿ ಬಳಸುವುದಿಲ್ಲವೋ, ಅದರ ಪಾಲನ್ನು ಅಷ್ಟರಮಟ್ಟಿಗೆ ಕತ್ತರಿಸಿ ಬಳಸುವವರಿಗೆ ಕೊಡುವುದು: ಇದೇ ನಿಯಮ. ತಂದ ಕೆಲವೇ ದಿನಗಳಲ್ಲಿ ಯಂತ್ರ ಭರ್ತಿಯಾಯಿತು. ಪರದೆಯ ಮೇಲೆ ಜಾಗ ತುಂಬಿದೆ ಎಂದು ತೋರಿಸುವ ಕೆಂಪು, ಮೂಲೆಯಿಂದ ಮೂಲೆಗೆ. ನನ್ನ ಒಂದು ನಿಯಮ ಇಡೀ ಸಂಶೋಧನಾಲಯಕ್ಕೆ ಸೋಮಾರಿತನ ಬಿಡಿಸಿತು ಎಂದು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ಯಂತ್ರವನ್ನು ಇಷ್ಟು ಪೂರ್ತಿಯಾಗಿ ಬಳಸುವ ಸಂಸ್ಥೆ ಇನ್ನೊಂದಿಲ್ಲ ಎಂದು ಮೇಲಿನವರು ಒಂದು ಫಲಕ ಕೊಟ್ಟರು. ಅದನ್ನು ಸಾಹೇಬರು ತಮ್ಮ ಮೇಜಿನ ಹಿಂದೆ, ಬಂದವರ ಕಣ್ಣಿಗೆ ನೇರವಾಗಿ ಬೀಳುವಂತೆ ತೂಗುಹಾಕಿದರು. ಈಗಿನ ಯಂತ್ರ ಸಾಲದು, ಇದರ ಎರಡರಷ್ಟು ದೊಡ್ಡದು ಬೇಕು ಎಂದು ಬೇಡಿಕೆಯೂ ಹೋಯಿತು.

ನಿಯಮದ ಏಟು ಬಿದ್ದದ್ದು ಮಣ್ಣಿನ ವಿಭಾಗಕ್ಕೆ. ಅದೊಂದು ಬಡಪಾಯಿ ವಿಭಾಗ. ಹೊಲಗಳಲ್ಲಿ ಹೂತಿಟ್ಟಿದ್ದ ಅವರ ತೇವ ಅಳೆಯುವ ಉಪಕರಣಗಳು ಒಂದು ಸಲ ಕೆಟ್ಟು ಕೂತವು. ಲೆಕ್ಕಕ್ಕೆ ಅಂಕಿಗಳೇ ಇಲ್ಲವಾದ್ದರಿಂದ ಜಾಬ್ ಕಳಿಸುತ್ತಿಲ್ಲ ಎಂದು ವಿಭಾಗದವರು ಪ್ರಾಮಾಣಿಕವಾಗಿ ಹೇಳಿದರು. ಸರದಿ ಸಾಹೇಬರು ಅಷ್ಟೇ ಪ್ರಾಮಾಣಿಕವಾಗಿ ಅವರ ಪಾಲು ಕತ್ತರಿಸಿದರು. ಅಂದಿನಿಂದ, ಉಪಕರಣಗಳು ರಿಪೇರಿಯಾದ ಮೇಲೂ, ಆ ವಿಭಾಗದ ಜಾಬುಗಳು ಎಲ್ಲರೂ ಒಳಗೆ ಹೋದ ಮೇಲೆ ಏನಾದರೂ ಸಂದು ಉಳಿದರೆ ನುಸುಳಬೇಕು.

ಆ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು ಅವರ ಮಗಳು.

ಇದು ಸಂಶೋಧನಾಲಯದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಸಾಹೇಬರು ಮೈಯೆಲ್ಲ ಕಣ್ಣಾಗಿ ನೋಡಿಕೊಂಡಿದ್ದರು. ಅಪ್ಪ ಸ್ಕೂಟರಿನಲ್ಲಿ, ಮಗಳು ಬಸ್ಸಿನಲ್ಲಿ, ಹೋಗುವುದು ಅದೇ ಗೇಟಿಗೆ. ಒಳಗೆ ಎದುರಾದರೆ ಇವರು ಮೇಡಂ ಎನ್ನುತ್ತಿದ್ದರು, ಅವಳು ಸರ್ ಎನ್ನಬೇಕಿತ್ತು. ಒಂದು ದಿನ ಮಳೆಯಲ್ಲಿ ಅವಳು ಬಸ್‌ನಿಲ್ದಾಣದಲ್ಲಿ ತೊಯ್ದು ನಿಂತಿದ್ದಾಗಲೂ ಸ್ಕೂಟರು ನಿಲ್ಲಿಸಲಿಲ್ಲ, ಹಿಂದೆ ಲೆಕ್ಕಪತ್ರ ವಿಭಾಗದವರೊಬ್ಬರು ಬರುತ್ತಿದ್ದರು. ಸ್ವಜನಪಕ್ಷಪಾತ ಎಂಬ ಮಾತು ಕೇಳಿದರೆ ಸಾಹೇಬರಿಗೆ ಚಳಿಜ್ವರ ಬರುತ್ತಿತ್ತು.

ಮಗಳ ಲೆಕ್ಕವೂ ವಾರವಾರ ನಡೆಯಬೇಕಾದದ್ದು. ಮಣ್ಣಿನಲ್ಲಿ ನೀರು ಹೇಗೆ ಇಳಿಯುತ್ತದೆ ಎಂದು ನೋಡುವ ಲೆಕ್ಕ. ಒಂದು ವಾರದ್ದು ಮುಗಿದರೇನೇ ಮುಂದಿನ ವಾರದ್ದು ಶುರುವಾಗಬೇಕು, ನಡುವೆ ಹಾರಿಸಿಕೊಂಡು ಹೋಗುವಂತಿಲ್ಲ. ಸೋಮವಾರ ಬಂದಾಗಲೆಲ್ಲ ಅವಳ ಜಾಬ್ ಎದ್ದು ಬಂದು ಸಾಲಿನ ಬಾಲದಲ್ಲಿ ನಿಲ್ಲುತ್ತಿತ್ತು. ಹಳೆಯ ವಾರಗಳ ಜಾಬುಗಳು ಇನ್ನೂ ಅಲ್ಲೇ ನಿಂತಿರುತ್ತಿದ್ದವು. ಪ್ರಬಂಧ ಸಲ್ಲಿಸುವ ಗಡುವು ಒಮ್ಮೆ ಮೀರಿತು, ವಿನಂತಿಯ ಮೇಲೆ ವಿಸ್ತರಿಸಿದರು. ಈಗ ಈ ತಿಂಗಳ ಕೊನೆಯೇ ಕೊನೆ. ಅಷ್ಟರೊಳಗೆ ಮುಗಿಯದಿದ್ದರೆ ನೋಂದಣಿ ರದ್ದು, ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮ.

ಊಟಕ್ಕೆ ಕೂತಾಗ ಹೆಂಡತಿ ಸರದಿಗೂ ಕಾಯದೆ ಕೇಳಿಯೇ ಬಿಟ್ಟರು.

"ಯಾರ‍್ಯಾರ ಮಕ್ಕಳಿಗೋ ನಿಮ್ಮ ಯಂತ್ರದಲ್ಲಿ ಜಾಗ ಇದೆ. ಹೆತ್ತ ಮಗಳಿಗೆ ಮಾತ್ರ ಇಲ್ವೇನ್ರೀ?"

"ಅದಕ್ಕೇ ಇಲ್ಲ. ನಾಳೆ ಯಾರಾದ್ರೂ ಬೆರಳು ತೋರಿಸಿದ್ರೆ ನಾನು ತಲೆ ಎತ್ತಿ ಓಡಾಡೋದು ಹೇಗೆ?"

"ಬಿಡಮ್ಮ," ಎಂದಳು ಮಗಳು. "ಅಪ್ಪ ಹೇಳೋದು ಸರಿ. ಎಲ್ಲರೂ ಕೆಲಸ ಮಾಡ್ತಾ ಇರೋವಾಗ ನಾನು ಮಧ್ಯೆ ನುಗ್ಗೋಕಾಗುತ್ತಾ?"

ಇಂಥ ಮಗಳನ್ನು ಪಡೆದದ್ದಕ್ಕೆ ಸಾಹೇಬರಿಗೆ ಹೆಮ್ಮೆಯಾಯಿತು. ಅವಳು ತಟ್ಟೆಯಲ್ಲಿ ಅನ್ನವನ್ನು ಕಲಸುತ್ತಲೇ ಇದ್ದು, ತಿನ್ನದೆ ಎದ್ದುಹೋದದ್ದು ಮಾತ್ರ ಹೆಂಡತಿಯ ಕಣ್ಣಿಗೆ ಬಿತ್ತು.

ಮರು ಸೋಮವಾರ ಮಧ್ಯಾಹ್ನ, ಫಲಕ ಗೆದ್ದ ಯಂತ್ರವನ್ನು ನೋಡಲು ಹೊರಗಿನಿಂದ ಅತಿಥಿಗಳು ಬರುವವರಿದ್ದರು. ಧೂಳು ಗೀಳು ಇದೆಯೇ ನೋಡೋಣವೆಂದು ಸಾಹೇಬರು ಯಂತ್ರದ ಕೋಣೆಗೆ ಹೋದರು. ಅವರು ಆ ಕೋಣೆಗೆ ಕಾಲಿಟ್ಟು ಬಹಳ ಕಾಲವಾಗಿತ್ತು. ಆಳುವುದೆಲ್ಲ ಮೇಜಿನ ಮುಂದಿನ ಪರದೆಯಿಂದಲೇ. ಒಳಗೆ ಹೋದವರೇ ಸೀನಿದರು. ಕೋಣೆ ತಣ್ಣಗಿತ್ತು. ಹಿಂದೆ, ಯಂತ್ರ ಅರ್ಧಂಬರ್ಧ ನಡೆಯುತ್ತಿದ್ದ ಕಾಲದಲ್ಲೇ, ಅಲ್ಲಿ ನಿಂತರೆ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಲೆಕ್ಕ ಮಾಡುವ ಕಂಪ್ಯೂಟರು ತನ್ನ ಬೆನ್ನಿನಿಂದ ಬಿಸಿಗಾಳಿ ಊದಲೇಬೇಕು. ಅವರು ಒಂದು ಕಪಾಟಿನ ಬೆನ್ನಿಗೆ ಅಂಗೈ ಹಿಡಿದರು. ಪಕ್ಕದ್ದಕ್ಕೆ ಹಿಡಿದರು. ಎಲ್ಲವೂ ಮಜ್ಜಿಗೆಯಷ್ಟು ತಂಪು. ಸಾಹೇಬರು ದಾಪುಗಾಲು ಹಾಕಿ ತಮ್ಮ ಮೇಜಿಗೆ ಬಂದರು.

ಅವರ ಪರದೆ ತೋರಿಸುತ್ತಿದ್ದದ್ದು ಯಾರಿಗೆ ಎಷ್ಟು ಜಾಗ ಕೊಟ್ಟಾಗಿದೆ ಎಂದು ಮಾತ್ರ. ಕೊಟ್ಟ ಜಾಗದಲ್ಲಿ ಅವರು ಏನು ಮಾಡುತ್ತಾರೆಂದು ನೋಡುವುದು ಪಕ್ಕದ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ ಎಂದು ಅವರು ಭಾವಿಸಿದ್ದರು. ಅಂದು ಇಣುಕಿದರು. ನಕ್ಷತ್ರದವರ ಜಾಬನ್ನು ಬಿಚ್ಚಿ ನೋಡಿದರೆ ಅದರಲ್ಲಿ ನಕ್ಷತ್ರವೂ ಇಲ್ಲ, ಚುಕ್ಕಿಯೂ ಇಲ್ಲ. ಇದ್ದದ್ದು ಒಂದೇ ಅಪ್ಪಣೆ: ಮುಂದಿನ ಸೋಮವಾರದವರೆಗೆ ಮಲಗು. ಔಷಧಿಯವರದ್ದೂ ಮಲಗಿತ್ತು. ಯಂತ್ರದ ಉಸ್ತುವಾರಿ ಸಮಿತಿಯ ಅಧ್ಯಕ್ಷರ ವಿಭಾಗದ್ದಂತೂ ಅತಿ ಹೆಚ್ಚು ಜಾಗ ಹಿಡಿದು ಕಾಲು ಚಾಚಿ ಮಲಗಿತ್ತು. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಎಲ್ಲರೂ ಯಂತ್ರಕ್ಕೆ ನಿದ್ದೆ ಹಾಕಿ ಪಾಲು ಉಳಿಸಿಕೊಂಡಿದ್ದರು. ನಿಜವಾದ ಕೆಲಸ ಬಂದಾಗ ಟವೆಲ್ ಎತ್ತಿ ಕೂರುತ್ತಿದ್ದರು, ಮುಗಿದೊಡನೆ ಮತ್ತೆ ಹಾಸುತ್ತಿದ್ದರು. ನಿದ್ದೆಯೂ ವಾರವಾರ ತಾನಾಗಿಯೇ ಎದ್ದು ಬಂದು, ಸಾಲಿನಲ್ಲಿ ನಿಂತು, ಶಿಸ್ತಾಗಿ ಒಳಗೆ ಹೋಗಿ ಮತ್ತೆ ಮಲಗುತ್ತಿತ್ತು. ಸಾಲಿನ ಬಾಲದಲ್ಲಿ ಎಚ್ಚರವಾಗಿ ನಿಂತಿದ್ದದ್ದು ಮಗಳ ಜಾಬುಗಳು.

ಬಳಸದಿದ್ದರೆ ಕತ್ತರಿಸುತ್ತೇನೆ ಎಂದು ಹೆದರಿಸಿದವರು ತಾವೇ. ಸೋಮಾರಿತನ ಬಿಡಿಸಿದ ನಿಯಮ ಯಂತ್ರಕ್ಕೇ ಜೋಗುಳ ಹಾಡಿತ್ತು. ಸಾಹೇಬರಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಭಯವೂ ಆಯಿತು. ಸುಮ್ಮನಿದ್ದರೆ ಫಲಕ ಗೋಡೆಯ ಮೇಲೆ ಉಳಿಯುತ್ತದೆ, ದೊಡ್ಡ ಯಂತ್ರ ಬರುತ್ತದೆ, ಮಗಳು ಓದು ಬಿಟ್ಟು ಮನೆಯಲ್ಲಿ ಕೂರುತ್ತಾಳೆ. ಅವಳ ಜಾಬುಗಳನ್ನಷ್ಟೇ ಗುಟ್ಟಾಗಿ ಮುಂದೆ ತಳ್ಳಬಹುದು, ಒಂದು ಗುಂಡಿ ಒತ್ತಿದರಾಯಿತು, ನರಪಿಳ್ಳೆಗೂ ತಿಳಿಯುವುದಿಲ್ಲ. ಆದರೆ ಅದು ಕಳ್ಳತನ. ಮಲಗಿದವರನ್ನೆಲ್ಲ ಎಬ್ಬಿಸಿ ಓಡಿಸಿದರೆ ಸಾಲು ನ್ಯಾಯವಾಗಿ ಸರಿಯುತ್ತದೆ, ಆದರೆ ಇಷ್ಟು ವರ್ಷ ತುಂಬಿದೆ ತುಂಬಿದೆ ಎಂದು ಡಂಗುರ ಹೊಡೆದದ್ದು ಸುಳ್ಳು ಎಂದು ಊರಿಗೆಲ್ಲ ಗೊತ್ತಾಗುತ್ತದೆ.

ಅವರು ಮಲಗಿದ್ದ ಜಾಬುಗಳನ್ನೆಲ್ಲ ಅಳಿಸಿದರು. ವಾರವಾರ ಎದ್ದು ಬರಬೇಕೆಂಬ ಅವುಗಳ ಅಪ್ಪಣೆಯನ್ನೂ ಕಿತ್ತುಹಾಕಿದರು. ಪರದೆಯ ಕೆಂಪು ಇಳಿಯಿತು. ಸಾಲಿನಲ್ಲಿ ನಿಜವಾಗಿ ಕೆಲಸವಿದ್ದ ನಾಲ್ಕಾರು ಜಾಬುಗಳು ಒಳಗೆ ಹೋದವು, ಅವುಗಳ ಹಿಂದೆ ಮಗಳ ವಾರಗಳು ಒಂದೊಂದಾಗಿ ಹೋದವು. ಕೋಣೆಯಲ್ಲಿ ಫ್ಯಾನುಗಳು ಭೋರೆಂದು ತಿರುಗತೊಡಗಿದವು. ಮಧ್ಯಾಹ್ನ ಬಂದ ಅತಿಥಿಗಳು ಆ ಸದ್ದಿಗೇ ತಲೆದೂಗಿ ಹೋದರು. ಸಂಜೆ ಅವಳು ಮನೆಗೆ ಬಂದಾಗ ಮುಖ ಇಷ್ಟಗಲವಾಗಿತ್ತು. ಎಲ್ಲರ ಕೆಲಸವೂ ಒಟ್ಟಿಗೇ ಮುಗಿದಿರಬೇಕು, ತನ್ನ ಸರದಿ ಬಂತು ಎಂದು ಅಮ್ಮನಿಗೆ ಹೇಳಿದಳು. ಸಾಹೇಬರು ಹೂಂ ಎಂದು ಅನ್ನಕ್ಕೆ ಸಾರು ಹಾಕಿಕೊಂಡರು.

ಗಡುವಿನೊಳಗೆ ಅವಳ ಪ್ರಬಂಧ ಹೋಯಿತು. ಅದರ ಹಿಂದೆಯೇ ಸಾಹೇಬರ ಮೇಲೆ ದೂರು ಬಂತು. ಅತ್ಯಂತ ಸೂಕ್ಷ್ಮ ಹಂತದಲ್ಲಿದ್ದ ತಮ್ಮ ಲೆಕ್ಕಗಳನ್ನು ಹೇಳದೆ ಕೇಳದೆ ಅಳಿಸಲಾಗಿದೆ ಎಂದು, ಮಣ್ಣಿನವರನ್ನು ಬಿಟ್ಟು ಮಿಕ್ಕೆಲ್ಲ ವಿಭಾಗದವರೂ ಸಹಿ ಹಾಕಿದ್ದರು. ನಷ್ಟವಾದದ್ದು ನಿದ್ದೆ ಎಂದು ಒಬ್ಬರೂ ಹೇಳಿರಲಿಲ್ಲ. ಉಸ್ತುವಾರಿ ಸಮಿತಿ ಸಭೆ ಸೇರಿತು.

ಸಾಹೇಬರು ಎಲ್ಲವನ್ನೂ ಬಿಚ್ಚಿಡಲು ಸಿದ್ಧವಾಗಿಯೇ ಹೋಗಿದ್ದರು. ನಿಯಮ ತಂದದ್ದು ತನ್ನ ತಪ್ಪು, ಫಲಕವನ್ನು ಹಿಂದಿರುಗಿಸೋಣ ಎಂದೂ ಹೇಳುವವರಿದ್ದರು. ಯಂತ್ರ ಮಲಗಿತ್ತು ಎಂದು ಶುರುಮಾಡುತ್ತಿದ್ದಂತೆ ಮೇಜಿನ ಸುತ್ತ ಕೂತವರೆಲ್ಲ ತಂತಮ್ಮ ಪೆನ್ನಿನ ಮುಚ್ಚಳ ನೋಡತೊಡಗಿದರು. ಅಧ್ಯಕ್ಷರು ಕೈಯೆತ್ತಿ ತಡೆದು, ಅಂದು ಅತಿ ಹೆಚ್ಚು ಲಾಭವಾದದ್ದು ಮಣ್ಣಿನ ವಿಭಾಗದ ಒಬ್ಬ ಹುಡುಗಿಗೆ ಎಂದು ಕಾಣುತ್ತದೆ, ಆಕೆ ನಿಮಗೆ ಏನಾಗಬೇಕು ಎಂದು ಕೇಳಿದರು.

ಈ ಪ್ರಶ್ನೆಗೆ ಹೆದರಿಯೇ ಸಾಹೇಬರು ಅಷ್ಟು ವರ್ಷ ಬದುಕಿದ್ದರು.

"ಮಗಳು," ಎಂದರು. "ನನ್ನ ಸ್ವಂತ ಮಗಳು."

ಸಭೆ ಹಗುರಾಯಿತು. ಒಬ್ಬರು ಕುರ್ಚಿಗೆ ಒರಗಿದರು, ಇನ್ನೊಬ್ಬರು ನಕ್ಕೇಬಿಟ್ಟರು. ಅಪ್ಪ ಮಗಳಿಗೆ ಸಹಾಯ ಮಾಡಿದ್ದಾನೆ, ಇದು ಎಲ್ಲರಿಗೂ ಅರ್ಥವಾಗುವ ತಪ್ಪು, ಇದಕ್ಕೆ ಯಂತ್ರವನ್ನು ಬಿಚ್ಚಿ ನೋಡಬೇಕಾಗಿಲ್ಲ. ಸಾಹೇಬರನ್ನು ಗ್ರಂಥಾಲಯಕ್ಕೆ ವರ್ಗ ಮಾಡುವುದು, ಅಳಿಸಿದ ಜಾಬುಗಳನ್ನು ಮೊದಲಿನಂತೆ ಹಚ್ಚುವುದು ಎಂದು ಅಲ್ಲೇ ತೀರ್ಮಾನವಾಯಿತು. ಎಲ್ಲರೂ ಏಳುವಾಗ ಅಧ್ಯಕ್ಷರು ಬಳಿಗೆ ಬಂದು, ನಿಜವಾದ ಮರುಕದಿಂದಲೇ ಅವರ ಬೆನ್ನು ತಟ್ಟಿದರು.

"ಮಗಳು ಅಂತ ಮೊದಲೇ ಒಂದು ಮಾತು ಹೇಳಬಾರದಿತ್ತೇನ್ರೀ? ನಮ್ಮ ಜಾಗದಲ್ಲೇ ಕೂರಿಸ್ಕೊಳ್ತಿದ್ವಿ. ಹೇಗಿದ್ರೂ ಖಾಲಿನೇ ಇತ್ತಲ್ಲ."

ಎಲ್ಲರೂ ಹೋದ ಮೇಲೂ ಸಾಹೇಬರು ಅಲ್ಲೇ ಕೂತಿದ್ದರು. ಅವರ ನ್ಯಾಯವನ್ನು ಆ ಸಂಶೋಧನಾಲಯದಲ್ಲಿ ನಿಜವೆಂದು ನಂಬಿದ್ದವಳು ಮಗಳೊಬ್ಬಳೇ, ಆ ನಂಬಿಕೆಗೆ ಬೆಲೆಯಾಗಿ ಅವಳ ವರ್ಷಗಳನ್ನು ಕಿತ್ತುಕೊಂಡವರು ತಾವೇ ಎಂದು ಹೊಳೆದಾಗ ಅವರು ಮುಖ ಮುಚ್ಚಿಕೊಂಡು ಅತ್ತರು.