ಗಡಿಗಲ್ಲಿನ ಕೆಳಗಿನ ಇದ್ದಲಿ

“ಇಲ್ಲಿ ಅಗದ ನೋಡ್ರಿ ಸಾಹೇಬ್ರ, ಇದ್ದಲಿ ಸಿಕ್ಕೇ ಸಿಗತದ,” ಎಂದ ಮುದುಕ ಸಾಯಬಣ್ಣ, ದೂರದಲ್ಲೇ ನಿಂತು ಕೋಲಿನಿಂದ ನೆಲ ತೋರಿಸುತ್ತ. ಕಮಲಾಪುರದ ಹತ್ತಿರದ ಆ ಹಳ್ಳಿಯಲ್ಲಿ ಊರ ಗಡಿ ಕಾಯುವುದು ಅವನ ಮನೆತನದ ಚಾಕರಿ. ಊರ ಹೊರಗಿನ ಕೇರಿಯವನಾದ್ದರಿಂದ ಅವನು ಯಾರನ್ನೂ ಮುಟ್ಟುವಂತಿರಲಿಲ್ಲ.

ಕಲಬುರಗಿಯಿಂದ ಜಮೀನಿನ ಮೋಜಣಿಗೆಂದು ಹೋಗಿದ್ದ ನಾನು, ಊರ ಬಾವಿಯ ಈಚೆ ಬಿದ್ದಿದ್ದ ಕಲ್ಲನ್ನೇ ಗಡಿಗಲ್ಲೆಂದು ನಂಬಿ ಬೆಳಗಿನಿಂದ ಅಳತೆಯ ಸರಪಳಿ ಎಳೆಸಿದ್ದೆ. ಆ ಅಳತೆಯಂತೆ ಊರಿಗಿದ್ದ ಒಂದೇ ಸಿಹಿನೀರಿನ ಬಾವಿ ಪಕ್ಕದ ಊರಿನ ಪಾಲಾಗುತ್ತಿತ್ತು. ಊರ ಗೌಡರ ಮುಖ ಕಪ್ಪಿಟ್ಟಿತ್ತು.

“ಆ ಕಲ್ಲು ಹೆಣ್ಮಕ್ಕಳು ಅರಿಬಿ ಒಗೀಲಾಕ ಗಡಿಯಿಂದ ಕಿತ್ತು ತಂದಾರ್ರಿ. ನಮ್ಮಪ್ಪ ಹುಗದಿದ್ದ ಇದ್ದಲಿ ಮಾತ್ರ ಬಾವಿ ಆಚಿ ಇಲ್ಲೇ ಅದ,” ಎಂದ ಸಾಯಬಣ್ಣ.

ಕಲ್ಲು ಹೋದರೂ ಗುರುತು ಉಳಿಯಲೆಂದು ಗಡಿಗಲ್ಲು ನೆಡುವಾಗ ತಳದಲ್ಲಿ ಇದ್ದಲಿ ಹುಗಿಯುತ್ತಾರೆಂದು ನನಗೂ ಗೊತ್ತಿತ್ತು. ಅಗೆದು ನೋಡುವ ಬುದ್ಧಿ ಮಾತ್ರ ಬಂದಿರಲಿಲ್ಲ. ಮೊಳದಾಳ ಅಗೆಯುವಷ್ಟರಲ್ಲಿ ಮಣ್ಣು ಕಪ್ಪಾಯಿತು, ಹಿಡಿ ತುಂಬ ಇದ್ದಲಿ ಬಂತು. ಮತ್ತೆ ಸರಪಳಿ ಎಳೆದೆವು. ಬಾವಿ ಊರಿಗೇ ಉಳಿಯಿತು.

ನಿಜಾಮ ಸರ್ಕಾರದ ಮೊಹರಿದ್ದ ಪಂಚನಾಮೆಯ ಮೇಲೆ ಮೊದಲ ಹೆಬ್ಬೆಟ್ಟು ಸಾಯಬಣ್ಣನದೇ ಆಗಲಿ ಎಂದೆ. ಹೇಗೆ ಒತ್ತುವುದೆಂದು ತಿಳಿಯದೆ ಅವನು ಹೆಬ್ಬೆರಳು ಚಾಚಿ ನಿಂತ. ಗೌಡರು ಬಂದು ಆ ಹೆಬ್ಬೆರಳನ್ನು ಹಿಡಿದು, ಮಸಿ ಹಚ್ಚಿ, ಕಾಗದಕ್ಕೆ ಒತ್ತಿದರು.

ಖುಷಿಯಲ್ಲಿ ಮೈಮರೆತು ಹಿಡಿದಿರಬಹುದು. ಆ ಬಾವಿಯ ಹಗ್ಗ ಮುಟ್ಟಲು ಸಾಯಬಣ್ಣನಿಗೆ ಇನ್ನೂ ಅಪ್ಪಣೆಯಿಲ್ಲ. ಆದರೆ ಗೌಡರು ಆಮೇಲೆ ಕೈ ತೊಳೆಯಲಿಲ್ಲ. ನಾನು ನೋಡುತ್ತಲೇ ಇದ್ದೆ.