ಸಾವಂತ್ರಮ್ಮ ಎಳೆದ ಗಾಳ

ಹೊನ್ನಾಳಿಯ ಹೋಟೆಲಿಗೆ ಇಪ್ಪತ್ತು ವರ್ಷ ಬಾವಿ ನೀರು ಸೇದಿದ ಹಾಲೇಶಪ್ಪ, ಸೂಳೆಕೆರೆಯಲ್ಲಿ ಗಾಳವನ್ನೂ ಹಾಗೇ ಸೇದುತ್ತಿದ್ದ. ಮರಿಮೀನಿನಂತೆ ಕಾಣಲೆಂದು ಕೋಳಿಪುಕ್ಕ ಕಟ್ಟಿದ ಗಾಳ ಸೀಸದ ಗುಂಡಿನ ಭಾರಕ್ಕೆ ತಳ ಮುಟ್ಟಿತೋ ಇಲ್ಲವೋ, ದಾರವನ್ನು ಸರಸರ ಎಳೆದು ದಡಕ್ಕೆ ತರುವನು. ಮೀನೊಂದು ಬಿಟ್ಟು ಮಿಕ್ಕಿದ್ದೆಲ್ಲ ಬರುತ್ತಿತ್ತು.

೧೯೭೮ರಲ್ಲಿ ಹೊಸ ಅಳಿಯ ಮೊದಲ ಸಲ ಊಟಕ್ಕೆ ಬರುವ ದಿನ. ‘ಮೀನು ನಾನೇ ಹಿಡಿದು ಬಡಿಸ್ತೀನಿ’ ಎಂದು ಹಾಲೇಶಪ್ಪ ಬೀಗರ ಮುಂದೆ ಕೊಚ್ಚಿಕೊಂಡಿದ್ದ. ಬಿಸಿಲೇರಿದರೂ ಬುಟ್ಟಿ ಖಾಲಿ. ಕರೆಯಲು ಬಂದ ಹೆಂಡತಿ ಸಾವಂತ್ರಮ್ಮನ ಕೈಗೆ ದಾರ ಕೊಟ್ಟು ಬೀಡಿ ಹಚ್ಚಿದ.

ಆಕೆ ಕಂಬಳಿಗೆ ಉಣ್ಣೆ ನೂಲುವವಳು. ನೂಲಿಗೆ ಹುರಿ ಏರಲೆಂದು ಎಳೆದು ನಿಲ್ಲಿಸುವುದು ಅವಳ ಕೈಗೆ ಅಭ್ಯಾಸ. ಗೇಣು ಎಳೆದಳು, ನಿಲ್ಲಿಸಿದಳು. ಮತ್ತೆ ಗೇಣು ಎಳೆದಳು, ನಿಲ್ಲಿಸಿದಳು. ದಾರ ಫಟ್ಟನೆ ಬಿಗಿಯಿತು. ಮೊಳದುದ್ದದ ಬಾಳೆಮೀನು ದಡದಲ್ಲಿ ಒದ್ದಾಡಿತು. ಬೀಡಿ ಬೆರಳು ಸುಟ್ಟರೂ ಹಾಲೇಶಪ್ಪನ ತೆರೆದ ಬಾಯಿ ಮುಚ್ಚಲಿಲ್ಲ.

‘ಹೆಂಗೆ ಬಂತೇ ಇದು?’

‘ನಿಂತ್ರೆ ತಾನೇ ಅದು ಬಾಯಿ ಹಾಕಾದು? ನೀವು ಕಸ್ಕೊಂಡು ಓಡಿದ್ರೆ, ಅದು ಚಪ್ಪಲಿ ಮೆಟ್ಕೊಂಡು ಬೆನ್ನು ಹತ್ತಬೇಕೇನ್ರೀ?’

ಊಟಕ್ಕೆ ಕೂತ ಅಳಿಯ, ‘ಮಾವಾರೇ, ನೀವೇ ಹಿಡಿದ್ರಾ?’ ಎಂದ. ‘ನಿಮ್ಮತ್ತೆ’ ಎಂಬ ಒಂದೇ ಮಾತು ಹಾಲೇಶಪ್ಪನ ಗಂಟಲಿಂದ ಗೇಣು ಗೇಣಾಗಿ, ನಿಂತು ನಿಂತು ಈಚೆ ಬಂತು.