ದೊಡ್ಡಮ್ಮನ ಸುರಗಿ ದಂಡೆ

ಮೊನ್ನೆ ಶೃಂಗೇರಿಯಿಂದ ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸೊಬ್ಬರು ಸುರಗಿ ಹೂವಿನ ದಂಡೆ ಮುಡಿದು ಕೂತಿದ್ದರು. ಹೂವು ಬಾಡಿ ಕಂದುಬಣ್ಣಕ್ಕೆ ತಿರುಗಿತ್ತು, ಪರಿಮಳ ಮಾತ್ರ ಹಾಗೇ ಇತ್ತು. ಸುರಗಿಯ ಗುಣವೇ ಅದು, ಒಣಗಿದರೂ ವಾಸನೆ ಬಿಡುವುದಿಲ್ಲ. ತಿರುವುಗಳಲ್ಲಿ ಬಸ್ಸು ವಾಲಿದಾಗಲೆಲ್ಲ ಆ ಪರಿಮಳ ಮುಖಕ್ಕೆ ಬಂದು, ಕೊಪ್ಪದ ಪೇಟೆಯಲ್ಲಿದ್ದ ದೊಡ್ಡಮ್ಮನ ಮನೆ, ಅಡುಗೆಮನೆಯ ಕಿಟಕಿಯ ಕೆಳಗೆ ಮಣೆ ಹಾಕಿಕೊಂಡು ಹೂ ಕಟ್ಟುತ್ತಿದ್ದ ಅವರ ಬೆರಳುಗಳು ಕಣ್ಣಮುಂದೆ ಬಂದವು. ಆ ಮನೆ ಈಗಿಲ್ಲ. ಆ ಜಾಗದಲ್ಲಿ ಒಂದು ಮೊಬೈಲ್ ಅಂಗಡಿ, ಅದರ ಮೇಲೊಂದು ಲಾಡ್ಜು ಇದೆ.

ನಾನು ಹೈಸ್ಕೂಲು ಓದಿದ್ದು ಆ ಮನೆಯಲ್ಲಿದ್ದುಕೊಂಡೇ. ದೊಡ್ಡಪ್ಪ ಶಾಸಕರು. ಬೆಳಗಾದರೆ ಜಗಲಿಯ ತುಂಬ ರಸ್ತೆ, ಮೋರಿ, ವರ್ಗಾವಣೆ ಎಂದು ಬಂದ ಗಂಡಸರು. ಹಿತ್ತಿಲ ಬಾಗಿಲಿಗೆ ಬರುತ್ತಿದ್ದ ಹೆಂಗಸರು ದೊಡ್ಡಮ್ಮನ ಪಾಲು. ಯಾರದೋ ಮಗಳನ್ನು ಶಾಲೆ ಬಿಡಿಸಿದ್ದಾರೆಂದು ಗೊತ್ತಾದರೆ ಸಾಕು, ದೊಡ್ಡಪ್ಪನ ಜೀಪು ಖಾಲಿಯಿರುವುದನ್ನು ನೋಡಿ ಹತ್ತಿ, ಕಡಹಿನಬೈಲಿನವರೆಗೂ ಹೋಗಿ, ಹುಡುಗಿಯ ಅಪ್ಪ ಒಪ್ಪುವ ತನಕ ಅವರ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಎಮ್ಮೆಲ್ಲೆ ಹೆಂಡತಿ ಬಂದು ಕೂತರೆ ಯಾರು ತಾನೆ ಇಲ್ಲವೆಂದಾರು? ಪೇಟೆಯಲ್ಲಿ ಮಹಿಳಾ ಸಮಾಜ ಕಟ್ಟಿ, ಅಲ್ಲಿ ಹೊಲಿಗೆ ತರಗತಿ ಶುರು ಮಾಡಿದ್ದೂ ಅವರೇ.

ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಸೀತಕ್ಕ ಅಲ್ಲಿಗೆ ಹೊಲಿಗೆ ಕಲಿಯಲು ಬರುತ್ತಿದ್ದಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಸಮಾಜದ ವಾರ್ಷಿಕೋತ್ಸವದಲ್ಲಿ ಅರಿಸಿನ ಕುಂಕುಮ, ಹೂವು ಕೊಡುವ ಹೊತ್ತಾದರೆ ಯಾರೂ ಹೇಳುವ ಮೊದಲೇ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಒಂದು ವರ್ಷ ದೊಡ್ಡಮ್ಮ ತಟ್ಟೆ ಹಿಡಿದು, ಮುಂದಿನ ಸಾಲನ್ನು ದಾಟಿ, ನೇರವಾಗಿ ಬಾಗಿಲಿಗೇ ಹೋದರು. ಸೀತಕ್ಕನ ಹಣೆಗೆ ಕುಂಕುಮವಿಟ್ಟು, ತಾವು ಕಟ್ಟಿದ ಸುರಗಿ ದಂಡೆಯನ್ನು ಕೈಯಾರೆ ಮುಡಿಸಿದರು. ಮುಂದಿನ ಸಾಲಿನ ಕೆಲವರು ಎದ್ದು ಮನೆಗೆ ನಡೆದರು. ಸಂಜೆಯೊಳಗೆ ದೂರು ನಮ್ಮ ಜಗಲಿಗೆ ಬಂತು. ಊಟಕ್ಕೆ ಕೂತಾಗ ದೊಡ್ಡಪ್ಪ, "ನೀ ಎಂತ ಬೇಕಾದ್ರೂ ಮಾಡು ಮಾರಾಯ್ತಿ, ಎಲೆಕ್ಷನ್ ಒಂದು ಮುಗೀಲಿ" ಎಂದರು.

"ಅಲ್ಲಿವರೆಗೆ ಅವಳು ಬಾಗಿಲಲ್ಲೇ ನಿಂತಿರ್ಬೇಕಾ?" ಎಂದರು ದೊಡ್ಡಮ್ಮ, ಸಾರು ಬಡಿಸುತ್ತಲೇ.

ದೊಡ್ಡಪ್ಪ ಗೆದ್ದರು. ಗೆದ್ದ ಮೇಲೆ ನರಸಿಂಹರಾಜಪುರದ ಸಭೆಯಲ್ಲಿ, ಸುಧಾರಣೆಯನ್ನು ತಮ್ಮ ಮನೆಯಿಂದಲೇ ಶುರು ಮಾಡಿದ್ದಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಹೆಂಗಸರ ಸಾಲಿನಲ್ಲಿದ್ದ ದೊಡ್ಡಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡಿದ್ದನ್ನು ಪಕ್ಕದಲ್ಲಿ ಕೂತ ನಾನು ನೋಡಿದೆ. ಅಲ್ಲಿಂದ ಮುಂದೆ ಪ್ರತಿ ವರ್ಷವೂ ಮೊದಲ ಹೂವು ಗಂಡನಿಲ್ಲದವರಿಗೇ ಹೋಗುತ್ತಿತ್ತು. ಬರಬರುತ್ತಾ ಜನ ಎದ್ದು ಹೋಗುವುದು ನಿಂತಿತು. ಕೊಪ್ಪ ಬದಲಾಯಿತೆಂದೇ ನಾವು ತಿಳಿದಿದ್ದೆವು.

ದೊಡ್ಡಪ್ಪ ತೀರಿಕೊಂಡ ಮರುವರ್ಷ ದೊಡ್ಡಮ್ಮನನ್ನು ವಾರ್ಷಿಕೋತ್ಸವಕ್ಕೆ ಕರೆದುಕೊಂಡು ಹೋದವಳು ನಾನೇ. ಆಗ ನನಗೂ ಮದುವೆಯಾಗಿತ್ತು. ಸೀತಕ್ಕ ಅಷ್ಟರಲ್ಲಿ ಸಮಾಜದ ಹೊಲಿಗೆ ಟೀಚರು, ಹೂವಿನ ತಟ್ಟೆ ಅವಳ ಕೈಯಲ್ಲೇ ಇತ್ತು. ಅವಳು ಹತ್ತಿರ ಬಂದಾಗ ದೊಡ್ಡಮ್ಮ ತಲೆಯನ್ನು ಸ್ವಲ್ಪ ಬಾಗಿಸಿದರು. ಸೀತಕ್ಕ ನಿಂತಳು. ತಟ್ಟೆಯನ್ನು ಎಡಗೈಗೆ ಬದಲಾಯಿಸಿಕೊಂಡು, ದೊಡ್ಡಮ್ಮನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಪಕ್ಕದಲ್ಲಿದ್ದ ನನಗೆ ಹೂ ಕೊಟ್ಟಳು. ದೊಡ್ಡಮ್ಮನ ತಲೆ ಇನ್ನೂ ಬಾಗಿಯೇ ಇತ್ತು. ಕಾರ್ಯಕ್ರಮ ಮುಗಿದ ಮೇಲೆ ಸೀತಕ್ಕ ತಾನಾಗಿಯೇ ಬಂದು, "ನಮ್ಮಂಥೋರಿಗಾದ್ರೆ ಅಡ್ಡಿಲ್ಲ ಅಮ್ಮಾ. ನಿಮ್ಮನ್ನ ಯಾರೂ ಒಂದು ಮಾತು ಆಡ್ಬಾರ್ದು" ಎಂದಳು. ಅವಳ ಕಣ್ಣು ತುಂಬಿತ್ತು. ಅದು ಪ್ರೀತಿಯೇ, ಅದರಲ್ಲಿ ಸಂಶಯವಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಮನೆಗೆ ಬರುವ ದಾರಿಯಲ್ಲಿ ನಾನು ಸೀತಕ್ಕನನ್ನು ಬೈಯುತ್ತಲೇ ಬಂದೆ. ದೊಡ್ಡಮ್ಮ ಗೇಟಿನ ಹತ್ತಿರ ನಿಂತು, "ಅವಳನ್ನ ಬೈಬೇಡ ಕೂಸೆ. ಇಷ್ಟು ವರ್ಷ ನಾನೇ ಕೊಟ್ಟೆ. ಅವಳ ಕೈಯಿಂದ ಒಂದು ದಿನನೂ ಹೂ ಇಸ್ಕಂಡಿರ್ಲಿಲ್ಲ" ಎಂದರು. ಮನೆಯಲ್ಲಿ ಹೂವಿದೆಯಲ್ಲ, ನಾನೇ ಮುಡಿಸುತ್ತೇನೆಂದೆ. ಬೇಡವೆಂದು ತಲೆಯಾಡಿಸಿದರು. ಸೀತಕ್ಕನೇ ಮುಡಿಸಬೇಕಿತ್ತು ಎಂಬುದು ಅವರು ಹೇಳದೆಯೂ ತಿಳಿಯಿತು. ಆಮೇಲೆ ಅವರು ಸಮಾಜಕ್ಕೆ ಹೋಗಲಿಲ್ಲ. ಸುರಗಿ ಬಿಡುವ ಕಾಲಕ್ಕೆ ದಂಡೆ ಕಟ್ಟಿ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಅವರು ಹೋದದ್ದೂ ಸುರಗಿಯ ಕಾಲದಲ್ಲೇ. ಜಗಲಿಯಲ್ಲಿ ಮಲಗಿಸಿದ್ದರು. ಸೀತಕ್ಕ ನಾರ್ವೆಯಿಂದ ಬೆಳಗಿನ ಬಸ್ಸಿಗೆ ಬಂದಳು, ಬಾಳೆಲೆಯಲ್ಲಿ ಸುತ್ತಿದ ದಂಡೆ ಹಿಡಿದು. ಎಲ್ಲರೂ ದಾರಿ ಬಿಟ್ಟರು. ತಲೆಯ ಹತ್ತಿರ ಕೂತು ದೊಡ್ಡಮ್ಮನ ಬಿಳಿಗೂದಲನ್ನು ಹಿಂದಕ್ಕೆ ಸವರಿದಳು. ದಂಡೆಯನ್ನು ಕೈಗೆತ್ತಿಕೊಂಡಳು. ಅವಳು ಒಮ್ಮೆ ಸುತ್ತಲೂ ನಿಂತ ದೊಡ್ಡವರ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಎದ್ದು ಹೋಗಿ, ದಂಡೆಯನ್ನು ಅವರ ಪಾದದ ಮೇಲಿಟ್ಟಳು.